ತಪ್ಪಿದ ಬಾಣ, ಬಾರದ ಬಸ್ಸು

ಸಹನಾ, ಮನು,

ನಿಮಗೆ ಗೊತ್ತಿರುವ ಗುಟ್ಟೊಂದನ್ನು ಮೊದಲು ಬರೆದುಬಿಡುತ್ತೇನೆ. ಗೊತ್ತಿಲ್ಲದ್ದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಸ್ವಲ್ಪ ಧೈರ್ಯ ಬೇಕು, ಬರೆಯುತ್ತಾ ಬರೆಯುತ್ತಾ ಬರಬಹುದು.

ಗೊತ್ತಿರುವ ಗುಟ್ಟು ಇದು: ನಿಮ್ಮ ಅಜ್ಜಿ ಕಂಪ್ಯೂಟರಿನಲ್ಲಿ ಯುದ್ಧ ಮಾಡಿದವಳು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ, ನಾಲ್ಕು ಜನರ ಮುಂದೆ ಬಾಯಿ ಬಿಡಬೇಕೆಂದರೆ ಸೆರಗಿನ ತುದಿ ಹಿಡಿದು ತಿರುವುತ್ತಾ ನಿಲ್ಲುವ ನಾನು ಎಷ್ಟೋ ಕೋಟೆಗಳನ್ನು ಗೆದ್ದಿದ್ದೇನೆ. ನಂಜನಗೂಡಿನ ನಮ್ಮ ಬೀದಿಯಲ್ಲಿ ಇದು ಯಾರಿಗೂ ತಿಳಿಯದಂತೆ ನೋಡಿಕೊಂಡೆ. ಪಕ್ಕದ ಮನೆ ಶಾರದಮ್ಮನ ಚಪ್ಪಲಿ ಸದ್ದು ಕೇಳಿದರೆ ಸಾಕು, ಎದ್ದು ಹೋಗಿ ಮೊರ ಎತ್ತಿಕೊಂಡು ಕೂತುಬಿಡುತ್ತಿದ್ದೆ. ಒಂದು ದಿನ ಆಕೆ ಮೊರದೊಳಗೆ ಬಗ್ಗಿ ನೋಡಿ, "ಏನ್ರೀ ಚಿಕ್ಕತಾಯಮ್ಮ, ಮೊರದಲ್ಲಿ ಏನೂ ಇಲ್ಲ, ಗಾಳಿ ಕೇರ್ತಿದೀರಾ?" ಅಂದರು. ನೀವಿಬ್ಬರೂ ಒಳಗೆ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಿದ್ದು ನನಗೆ ಈಗಲೂ ಕೇಳಿಸುತ್ತದೆ.

ಆ ಕಂಪ್ಯೂಟರು ಮನೆಗೆ ಬಂದದ್ದು ನಿಮ್ಮಪ್ಪನ ಫ್ಯಾಕ್ಟರಿಯವರು ಹೊಸದು ತರಿಸಿಕೊಂಡು ಹಳೆಯದನ್ನು ಕೊಟ್ಟುಬಿಟ್ಟಾಗ. ನನ್ನ ಹಳೆ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ತಂದರು. ನನ್ನ ಮಗಳು, ನಿಮ್ಮಮ್ಮ ಗೀತಾ, ಅದರ ಹಣೆಗೆ ಕುಂಕುಮ ಇಟ್ಟಳು. ನಿಮ್ಮಪ್ಪ, "ಮಕ್ಕಳ ಓದಿಗೆ" ಅಂದರು. ಓದು ಎರಡು ವಾರ ನಡೆಯಿತು. ಮೂರನೇ ವಾರಕ್ಕೆ ಎಲ್ಲಿಂದಲೋ ಒಂದು ಸಿ.ಡಿ. ಬಂತು, ಅದರೊಳಗೆ ಒಂದು ಸೈನ್ಯವಿತ್ತು.

ಮುಂದೆ ನಿಮ್ಮ ಮಕ್ಕಳು ಇದನ್ನು ಓದುವ ಹೊತ್ತಿಗೆ ಆ ಆಟ ಇರುತ್ತದೋ ಇಲ್ಲವೋ, ಅದಕ್ಕೇ ಅದು ಹೇಗಿತ್ತು ಅಂತ ಬರೆದಿಡುತ್ತೇನೆ. ಪರದೆಯ ತುಂಬ ಚೌಕದ ಮನೆಗಳು. ಅವುಗಳ ಮೇಲೆ ಬಯಲು, ಹೊಳೆ, ಸೇತುವೆ, ಕೋಟೆ. ನಮ್ಮ ಕಡೆ ನಾಲ್ಕು ಜನ, ಅವರ ಕಡೆ ಹತ್ತು ಹನ್ನೆರಡು. ನಾವು ನಡೆದ ಮೇಲೆ ಅವರು, ಅವರು ನಡೆದ ಮೇಲೆ ನಾವು. ಬಡಿದಾಟದಲ್ಲೂ ಎಂಥ ಮರ್ಯಾದೆ ಅಂತೀರಿ! ನಮ್ಮ ಸರದಿ ಮುಗಿಯುವ ತನಕ ಶತ್ರುಗಳು ಕತ್ತಿ ಹಿಡಿದು ಸುಮ್ಮನೆ ನಿಂತಿರುತ್ತಾರೆ. ನಾನು ಒಳಗೆ ಹೋಗಿ ಸಾರು ಇಳಿಸಿ, ಒಗ್ಗರಣೆ ಹಾಕಿ, ಕೈ ತೊಳೆದು ಬಂದರೂ ಹಾಗೇ ಕಾಯುತ್ತಿರುತ್ತಾರೆ. ನಮ್ಮೂರಿನ ಜಗಳಗಳಲ್ಲಿ ಇಂಥ ಶತ್ರುಗಳನ್ನು ನಾನು ಕಂಡಿಲ್ಲ.

ಹೊಡೆಯುವ ಮೊದಲು ಎದುರಾಳಿಯ ತಲೆಯ ಮೇಲೆ ಒಂದು ಅಂಕಿ ಕಾಣುತ್ತದೆ. ಎಪ್ಪತ್ತು, ಅರವತ್ತು, ತೊಂಬತ್ತು, ಹೀಗೆ. ಅದೇನೆಂದು ನನಗೆ ತಿಳಿಯಲಿಲ್ಲ. ಆಗ ಹನ್ನೆರಡು ವರ್ಷದವಳಾಗಿದ್ದ ಸಹನಾ, ನೀನು ಹೇಳಿಕೊಟ್ಟೆ: "ಅಜ್ಜಿ, ನೂರು ಕಡ್ಲೆಕಾಯಿ ಬಿಡಿಸಿದ್ರೆ ಎಪ್ಪತ್ತು ಗಟ್ಟಿ, ಮೂವತ್ತು ಜೊಳ್ಳು ಅಂದ್ಕೋ. ಕೈಗೆ ಸಿಕ್ಕಿರೋದು ಯಾವ್ದು ಅಂತ ಬಿಡಿಸೋವರೆಗೂ ಗೊತ್ತಾಗಲ್ಲ." ಯಾವ ಮೇಷ್ಟರೂ ನನಗೆ ಲೆಕ್ಕವನ್ನು ಅಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ನಮ್ಮ ನಾಲ್ವರಿಗೆ ನೀವೇ ಹೆಸರಿಟ್ಟಿರಿ. ಬಿಲ್ಲು ಹಿಡಿದವಳು ಸಹನಾ. ಕುದುರೆ ಮೇಲಿನವನು ಮನು. ಹೊಟ್ಟೆ ಮುಂದೆ ಬಿಟ್ಟುಕೊಂಡು ಕೊಡಲಿ ಹಿಡಿದವನಿಗೆ ನಿಮ್ಮಪ್ಪನ ಹೆಸರು. ಪಾಪ, ಅವರಿಗೆ ಇವತ್ತಿಗೂ ಗೊತ್ತಿಲ್ಲ. ನಾಲ್ಕನೆಯವಳು ಬಿಳಿ ಬಟ್ಟೆಯ ಮುದುಕಿ. ಅವಳಿಗೆ ಹೊಡೆಯಲು ಬರುವುದಿಲ್ಲ, ಕೋಲು ಮುಟ್ಟಿಸಿದರೆ ಗಾಯ ಮಾಯುತ್ತದೆ. ಅವಳಿಗೆ ನನ್ನ ಹೆಸರು ಇಡಲು ಹೋದರೆ ಎಂಟೇ ಇಂಗ್ಲಿಷ್ ಅಕ್ಷರಕ್ಕೆ ಜಾಗ. ಕತ್ತರಿಸಿ ಚಿಕ್ತಾಯಿ ಮಾಡಿದಿರಿ. ಹೊಡೆದವರಿಗೆ ಹೊಡೆದಷ್ಟು ಅನುಭವ ಕೂಡಿ ಒಂದೊಂದು ಮೆಟ್ಟಿಲು ಮೇಲೇರುತ್ತಿದ್ದರು. ವಾಸಿ ಮಾಡಿದ್ದಕ್ಕೆ ಚಿಕ್ತಾಯಿಗೂ ಮೆಟ್ಟಿಲು! ಕಷಾಯ ಕಾಸಿ ಕೊಟ್ಟವರನ್ನೂ ಗಮನಿಸಿ ಬಡ್ತಿ ಕೊಡುವ ಜಾಗ ಲೋಕದಲ್ಲಿ ಒಂದಾದರೂ ಇದೆಯಲ್ಲ ಎಂದು, ಆ ಆಟ ಕಟ್ಟಿದವರು ಯಾವ ದೇಶದವರೋ, ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆದರೆ ಒಂದು ಕಠಿಣ ನಿಯಮವಿತ್ತು. ನಮ್ಮವರು ಯಾರಾದರೂ ಬಿದ್ದರೆ ಮುಗಿಯಿತು, ಮತ್ತೆ ಬರುವಂತಿಲ್ಲ. ಅದನ್ನು ತಪ್ಪಿಸಲು ಒಂದೇ ದಾರಿ, ಮೊದಲು ಕಾಪಾಡಿಟ್ಟಿದ್ದ ಜಾಗಕ್ಕೆ ಹಿಂತಿರುಗಿ ಅಲ್ಲಿಂದ ಆಡುವುದು. ಇದರ ಮೇಲೆ ನಿಮ್ಮಿಬ್ಬರ ಮಹಾಯುದ್ಧ.

"ಲೋಡ್ ಮಾಡೇ!"

"ಮಾಡಲ್ಲ. ಬಿದ್ದೋರು ಬಿದ್ರು."

"ನಿಂಗೆ ಕರುಣೆನೇ ಇಲ್ಲ ಕಣೇ."

"ನಿಂಗೆ ನಾಚಿಕೆನೇ ಇಲ್ಲ ಕಣೋ. ಹಂಗೆ ಗೆದ್ದು ಯಾರಿಗೆ ಹೇಳ್ಕೋತೀಯ?"

"ಎಲ್ಲಾರ್ಗೂ!" ಅಂದಿದ್ದೆ ಮನು ನೀನು. ಆಗ ನಿನಗೆ ಒಂಬತ್ತು.

ನಾನು ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಾ ಕೂತು ಇದನ್ನೆಲ್ಲ ನೋಡುತ್ತಿದ್ದವಳು. ನೋಡುತ್ತಾ ನೋಡುತ್ತಾ ಬಾಯಿ ಸುಮ್ಮನಿರಲಿಲ್ಲ. "ಅಷ್ಟು ಜನ ಬಯಲಿಗೆ ಯಾಕ್ರೋ ಓಡೀರಿ? ಸೇತುವೆ ಬಾಯಲ್ಲಿ ನಿಂತ್ಕಬೌದಲ್ರೋ. ಒಬ್ಬೊಬ್ರೇ ಬರ್ಲಿ" ಅಂದೆ. ಗದ್ದೆ ಬದುವಿನ ಮೇಲೆ ಎದುರು ಬಂದ ದನಗಳನ್ನು ನಿಲ್ಲಿಸಿದವರಿಗೆ ಇಷ್ಟು ಗೊತ್ತಿರುತ್ತದೆ. ನೀವು ಹಾಗೇ ಮಾಡಿ ಗೆದ್ದಿರಿ. ಅವತ್ತಿನಿಂದ ಅವರೆಕಾಯಿ ಕೆಳಗಾಯಿತು, ಮಂತ್ರಿ ಪದವಿ ನನ್ನದಾಯಿತು. ಆದರೆ ಗಮನಿಸಿದ್ದೀರಾ? ಹೀಗೆ ಮಾಡಬಹುದು, ಹಾಗೂ ಮಾಡಬಹುದು ಅನ್ನುತ್ತಿದ್ದೆನೇ ಹೊರತು, ಇದನ್ನೇ ಮಾಡಿ ಅಂತ ಎಂದೂ ಹೇಳಲಿಲ್ಲ. ಗುಂಡಿಯನ್ನಂತೂ ಮುಟ್ಟುತ್ತಲೇ ಇರಲಿಲ್ಲ. "ನೀವೇ ನೋಡಿ" ಅನ್ನುತ್ತಿದ್ದೆ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ನಿಮ್ಮಮ್ಮನಿಗೆ ಅದೇ ಮಾತು. ಅಷ್ಟು ಹೊತ್ತಿಗೆ ಆರು ವರ್ಷದಿಂದ ನಾನು ಏನನ್ನೂ ತೀರ್ಮಾನಿಸಿದವಳಲ್ಲ. ಏಕೆಂದು ಮುಂದೆ ಹೇಳುತ್ತೇನೆ. ಸ್ವಲ್ಪ ಸುತ್ತು ಹಾಕಿ ಬರಲು ಬಿಡಿ, ಅಜ್ಜಿಯ ಕಾಲು ನೋಯುತ್ತದೆ, ನೇರ ದಾರಿ ಕಡಿದು.

ಆ ಅಂಕಿ ನೋಡಿದಾಗೆಲ್ಲ ಏಳುತ್ತಿದ್ದ, ಅದೃಷ್ಟ ಹೆಚ್ಚೋ ಉಪಾಯ ಹೆಚ್ಚೋ ಅನ್ನುವ ಪ್ರಶ್ನೆ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಕಪಿಲೆಯ ಸೋಪಾನಕಟ್ಟೆಗೆ ಹೋದಾಗ ಮಂಟಪದ ಕಲ್ಲುಹಾಸನ್ನು ಬಗ್ಗಿ ನೋಡಿ. ಉದ್ದಕ್ಕೆ ಐದು ಮನೆ, ಅಡ್ಡಕ್ಕೆ ಐದು ಮನೆ, ನಾಲ್ಕು ಕಡೆ ಕತ್ತರಿ ಗುರುತು. ಚೌಕಾಬಾರದ ಮನೆ! ಮಳೆ ನಿಲ್ಲಲೆಂದು ಕಾಯುತ್ತಿದ್ದ ಯಾರೋ, ಉಳಿಯಿಂದಲೇ ಕೊರೆದು ಆಡಿ ಎದ್ದು ಹೋಗಿದ್ದಾರೆ. ಗೆದ್ದವರು ಯಾರೋ, ಸೋತವರು ಯಾರೋ, ಮನೆ ಮಾತ್ರ ಉಳಿದಿದೆ.

ನಾನು ಮದುವೆಯಾಗಿ ಬಂದ ಊರು ತಿ. ನರಸೀಪುರದಿಂದ ಮೂಗೂರಿನ ಕಡೆಗೆ ಹೋಗುವ ದಾರಿಯಲ್ಲಿ. ನಮ್ಮತ್ತೆಗೆ ಅಳಗುಳಿಮಣೆಯ ಹುಚ್ಚು. ಅದರಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ, ಗುಳಿಯಲ್ಲಿರುವ ಹುಣಸೆ ಬೀಜ ಎಲ್ಲರಿಗೂ ಕಾಣುತ್ತದೆ, ಲೆಕ್ಕ ಬಲ್ಲವರು ಗೆಲ್ಲುತ್ತಾರೆ. ಅತ್ತೆಗೆ ಲೆಕ್ಕ ಬರುತ್ತಿತ್ತು, ಹೀಗಾಗಿ ಯಾವಾಗಲೂ ಅವರೇ ಗೆಲ್ಲುತ್ತಿದ್ದರು. ಕೊನೆಗೆ ಅವರ ಜೊತೆ ಆಡಲು ಯಾರೂ ಸಿಗದೆ, ಮಣೆಯ ಎರಡೂ ಕಡೆ ತಾವೇ ಕೂತು ಆಡಿಕೊಂಡು, ಸೋತ ಕಡೆಯವರನ್ನು ಬೈಯುತ್ತಿದ್ದರು. ಬರೀ ಅದೃಷ್ಟದ ಆಟ ಇದಕ್ಕಿಂತ ಕಡೆ. ಅಲ್ಲಿ ಗೆದ್ದವರಿಗೂ ತಾವು ಏನು ಮಾಡಿದೆವೆಂದು ಗೊತ್ತಿರುವುದಿಲ್ಲ.

ಚೌಕಾಬಾರ ಹಾಗಲ್ಲ. ನಾಲ್ಕು ಕವಡೆ ಕೈಬಿಟ್ಟ ಮೇಲೆ ಅವು ಏನು ಬೀಳುತ್ತವೋ ಅವುಗಳ ಇಷ್ಟ. ಬಿದ್ದ ಮೇಲೆ ಯಾವ ಕಾಯಿ ನಡೆಸುವುದೋ ನಮ್ಮ ಇಷ್ಟ. ಅದರಲ್ಲಿ ಐದು ವರ್ಷದ ಮಗು ಕೂಡ ಒಂದು ಸಲವಾದರೂ ಅಜ್ಜಿಯ ಕಾಯಿ ಕಡಿದು ಕುಣಿಯಬಹುದು. ನಿಮ್ಮ ಕತ್ತಿ ಗುರಾಣಿಯ ಆಟ ನೋಡಿದ ಕೂಡಲೇ ನನಗೆ ಅದರ ಗುರುತು ಹತ್ತಿದ್ದು ಇದಕ್ಕೇ. ಇದು ನಮ್ಮ ಚೌಕಾಬಾರವೇ, ಕಾಯಿಗಳಿಗೆ ಕೈಕಾಲು ಬಂದಿವೆ ಅಷ್ಟೆ.

ನಿಮ್ಮ ತಾತ ನಾಲೆಯ ನೀರುಗಂಟಿ. ಕಾಲುವೆಯಲ್ಲಿ ಬಂದ ನೀರನ್ನು ಸರದಿ ಪ್ರಕಾರ ಒಬ್ಬೊಬ್ಬರ ಗದ್ದೆಗೆ ತಿರುಗಿಸಿ ಬಿಡುವ ಕೆಲಸ. ನೀರು ಕಮ್ಮಿಯಾದರೆ ಬೈಯಿಸಿಕೊಳ್ಳುವುದೂ ಅದೇ ಕೆಲಸದಲ್ಲಿ ಸೇರಿತ್ತು. ಯಾರಾದರೂ ಮನೆ ಬಾಗಿಲಿಗೆ ಬಂದು ಕೂಗಾಡಿದರೆ ಅವರು ನಗುತ್ತಲೇ ಹೇಳುತ್ತಿದ್ದರು: "ನೀರು ಎಷ್ಟ್ ಬತ್ತದೆ ಅನ್ನದ ಮೋಡ ಕೇಳು ಕನಣ್ಣ. ಬಂದ್ ನೀರ ಎತ್ಲಾಗ್ ತಿರುಗುಸ್ದೆ ಅನ್ನದ ನನ್ನ ಕೇಳು, ಏಳ್ತೀನಿ." ನಾಲೆ ನಿಂತ ತಿಂಗಳುಗಳಲ್ಲಿ ಮಧ್ಯಾಹ್ನ ಜಗಲಿಯ ಮೇಲೆ ನಾವಿಬ್ಬರೂ ಸುಣ್ಣದ ಕಡ್ಡಿಯಲ್ಲಿ ಮನೆ ಬರೆದು ಆಡುತ್ತಿದ್ದೆವು. ಅವರ ಕಾಯಿ ಹುಣಸೆ ಬೀಜ, ನನ್ನದು ಹಸಿರು ಬಳೆಚೂರು. ಬಹಳ ಸಲ ಅವರೇ ಸೋಲುತ್ತಿದ್ದರು. ಸೋತು, "ನಿನ್ ಕೈಲಿ ಏನೋ ಅದೆ ಕನಮ್ಮಿ" ಅನ್ನುತ್ತಿದ್ದರು. ನನಗೆ ಹಿಗ್ಗು. ನನ್ನ ಕೈಗುಣ ಒಳ್ಳೆಯದು ಅಂತ ನಂಬಿಬಿಟ್ಟಿದ್ದೆ.

ಈಗ ನಿಮಗೆ ಗೊತ್ತಿಲ್ಲದ್ದು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಿಮ್ಮಮ್ಮ ಮದುವೆಯಾಗಿ ನಂಜನಗೂಡಿಗೆ ಬಂದು, ನೀವಿಬ್ಬರೂ ಹುಟ್ಟಿ ಆಗಿತ್ತು. ಒಂದು ಬೆಳಗ್ಗೆ ತಾತ ನಾಲೆಯ ಕಡೆಯಿಂದ ಬೇಗ ಬಂದರು. ಎದೆಯ ಮೇಲೆ ಯಾರೋ ಕೂತ ಹಾಗಿದೆ ಅಂದರು. ಬೆವರಿದ್ದರು. ಗಡಿಯಾರದಲ್ಲಿ ಎಂಟಕ್ಕೆ ಹತ್ತು ನಿಮಿಷ. ಪಕ್ಕದ ಮನೆಯ ಮುಂದೆ ಎಳನೀರು ಸಾಗಿಸುವ ಟೆಂಪೋ ನಿಂತಿತ್ತು, ಅರ್ಧ ಲೋಡಾಗಿತ್ತು. ಅದರ ಡ್ರೈವರು ಸ್ನಾನಕ್ಕೆಂದು ನಾಲೆಗೆ ಹೋಗಿದ್ದ. ತಾತ, "ಟೆಂಪೋದವ್ನ ಕೂಗುಸ್ಲಾ?" ಅಂದರು. ನಾನು ಅಂದೆ: "ಅವ್ನು ಬಂದು, ಕಾಯಿ ಇಳ್ಸಿ, ಒಂಡೋವತ್ಗೆ ಒಂಬತ್ತಾಯ್ತದೆ. ಎಂಟೂಕಾಲ್ ಬಸ್ಸು ಬತ್ತದೆ ಬನ್ನಿ. ಅರ್ಧ ಗಂಟೇಲಿ ಆಸ್ಪತ್ರೆ ಸೇರ್ಕಳವ."

ಅವರು ಹ್ಞೂ ಅಂದರು. ನನ್ನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ಬಸ್ ನಿಲ್ಲುವ ಅರಳಿಕಟ್ಟೆಯ ಮೇಲೆ ಕೂತೆವು. ಅದರ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳುವಷ್ಟು ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಬಸ್ಸು ಅವತ್ತು ಬರಲಿಲ್ಲ. ಎಲ್ಲೋ ಹಿಂದೆ ಟೈರು ಸಿಡಿದು ನಿಂತಿತ್ತಂತೆ. ಅದು ನನಗೆ ತಿಳಿದದ್ದು ಆಮೇಲೆ. ಟೆಂಪೋ ಕೂಗಿಸಿದೆವು. ಅದು ಬರುವಷ್ಟರಲ್ಲಿ ತಾತ ನನ್ನ ಹೆಗಲಿಗೆ ಒರಗಿದ್ದವರು ಹಾಗೇ ಹೋಗಿಬಿಟ್ಟಿದ್ದರು.

ಬಸ್ಸು ಅಂದವಳು ನಾನು ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಹೋದ ಮೇಲೆ ನನಗೊಬ್ಬಳಿಗೆ. ಮಣ್ಣಿನ ದಿನ ನಿಮ್ಮಮ್ಮ ಅಳುತ್ತಾ, "ಪಕ್ಕದಲ್ಲೇ ಗಾಡಿ ಇತ್ತಲ್ಲವ್ವ! ಅಪ್ಪಂದೇ ಹಟ ಅಲ್ವಾ? ಇನ್ನೊಬ್ರ ಹಂಗು ಬೇಡ ಅಂದಿರ್ತಾರೆ" ಅಂದಳು. ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಬಾಯಿ ಮೊದಲೇ ಕಮ್ಮಿ, ಆ ದಿನ ಸುಮ್ಮನಿರುವುದು ಸುಲಭವಾಯಿತು.

ಅಲ್ಲಿಗೆ ಮುಗಿಯಲಿಲ್ಲ ಮಕ್ಕಳೇ. ನಾನು ನಿಮ್ಮ ಮನೆಗೆ ಬಂದು ಸೇರಿಕೊಂಡೆ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ತಾತನ ಫೋಟೋದ ಮುಂದೆ ಎಡೆ ಇಡುವಾಗ, ಅವರಿಗೆ ಇಷ್ಟವಾದ ಹುರುಳಿಕಾಳಿನ ಬಸ್ಸಾರು ಬಡಿಸುತ್ತಾ ನಿಮ್ಮಮ್ಮ, "ನಿಮ್ಮ ತಾತನ ಹಟ ಕಣ್ರೋ, ಇಲ್ದಿದ್ರೆ ಇವತ್ತು ಇಲ್ಲೇ ಕೂತು ಉಣ್ಣೋರು" ಅಂತ ನಿಮಗೆ ಹೇಳುತ್ತಿದ್ದಳು. ಪ್ರೀತಿಯಿಂದಲೇ ಬೈಯುತ್ತಿದ್ದಳು. ಮನು ಏನಾದರೂ ಹಟ ಹಿಡಿದರೂ, "ತಾತನ ತರಾನೇ" ಅನ್ನುತ್ತಿದ್ದಳು. ಒಂದು ದಿನವೂ ನನ್ನ ಮಾತು ಮೀರದಿದ್ದ ಆ ಮನುಷ್ಯ ಹಟಮಾರಿ ಅನ್ನಿಸಿಕೊಂಡು ಫೋಟೋದೊಳಗೆ ಸುಮ್ಮನೆ ಕೂತಿದ್ದರು. ನಾನು ಫೋಟೋದ ಹೊರಗೆ ಸುಮ್ಮನೆ ಕೂತಿದ್ದೆ.

ನಿಜ ಹೇಳಿದರೆ ಮಗಳು ಏನಂದಾಳೋ ಎಂಬ ಹೆದರಿಕೆ. ಇದ್ದ ಒಬ್ಬ ಮಗಳು, ಇದ್ದ ಒಂದು ಸೂರು. ಅದಕ್ಕಿಂತ ಹೆಚ್ಚಾಗಿ ನನ್ನ ಕೈಯ ಮೇಲೇ ನನಗೆ ಹೆದರಿಕೆ. ಕವಡೆಗಳನ್ನು ಒಂದು ಡಬ್ಬಿಗೆ ಹಾಕಿ ಟ್ರಂಕಿನ ತಳಕ್ಕೆ ತಳ್ಳಿದೆ. ಇನ್ನು ಮೇಲೆ ಯಾವುದನ್ನೂ ನಾನು ಆರಿಸುವುದು ಬೇಡ, ಬದನೆಕಾಯಿಯನ್ನೂ ಬೇಡ ಅಂದುಕೊಂಡೆ. ನೀವು ನನ್ನನ್ನು ನಾಚಿಕೆಯವಳು ಅಂದುಕೊಂಡಿದ್ದಿರಿ. ಅರ್ಧ ನಾಚಿಕೆ, ಅರ್ಧ ಇದು.

ಈಗ ಮತ್ತೆ ನಮ್ಮ ಯುದ್ಧಕ್ಕೆ ಬರೋಣ.

ಅದೊಂದು ಭಾನುವಾರದ ಬೆಳಗ್ಗೆ. ಎರಡು ತಿಂಗಳ ಭಾನುವಾರಗಳನ್ನು ಸುರಿದು ಕೊನೆಯ ಕೋಟೆಯ ಮುಂದೆ ಬಂದು ನಿಂತಿದ್ದೆವು. ಎದುರಿಗೆ ಕಪ್ಪು ಕವಚದ ಸೇನಾಪತಿ, ಅವನಿಗೆ ಉಳಿದಿದ್ದದ್ದು ಕೂದಲೆಳೆಯಷ್ಟು ಪ್ರಾಣ. ಬಿಲ್ಲು ಹಿಡಿದ ಸಹನಾಳ ಬಾಣ ಒಂದು ತಗಲಿದರೆ ಗೆದ್ದೆವು. ಅವಳಿಗೂ ಗಾಯವಾಗಿತ್ತು. ಬಾಣ ತಪ್ಪಿದರೆ ಅವನ ಒಂದು ಏಟಿಗೆ ಅವಳು ಉಳಿಯುವುದಿಲ್ಲ. ಇನ್ನೊಂದು ದಾರಿಯೂ ಇತ್ತು, ಹಿಂದೆ ಸರಿದು ಚಿಕ್ತಾಯಿಯ ಕೋಲು ಮುಟ್ಟಿಸಿಕೊಳ್ಳುವುದು. ಅಷ್ಟರಲ್ಲಿ ಕೋಟೆಯೊಳಗಿಂದ ಅವನ ಕಡೆಯ ಇನ್ನಷ್ಟು ಜನ ಬರುತ್ತಾರೆ. ಸೇನಾಪತಿಯ ತಲೆಯ ಮೇಲೆ ಅಂಕಿ ನೋಡಿದೆವು. ತೊಂಬತ್ತೆರಡು.

"ಹಿಂದೆ ಬಾ, ಹಿಂದೆ ಬಾ" ಅಂತ ಮನು. "ಹೊಡಿಯೋದೇ" ಅಂತ ಸಹನಾ. ಕೂದಲು ಹಿಡಿದು ಎಳೆದಾಡುವ ತನಕ ಹೋಯಿತು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದಿರಿ.

"ಅಜ್ಜಿನೇ ಹೇಳ್ಲಿ. ಅಜ್ಜಿನೇ ಒತ್ಲಿ!"

"ನಾನ್ಯಾಕವ್ವ, ನೀವೇ ನೋಡಿ" ಅಂದೆ.

"ಆಗಲ್ಲ. ಇವತ್ತು ನೀನೇ. ನಿನ್ನ ಕೈಗುಣ ಚೆನ್ನಾಗಿದೆ ಅಜ್ಜಿ, ನೀನು ಹಾಕಿದ ಕರಿಬೇವಿನ ಕಡ್ಡಿನೂ ಚಿಗುರ್ತು" ಅಂದ ಮನು.

ಆ ಮಾತನ್ನು ಎಷ್ಟೋ ವರ್ಷದ ಮೇಲೆ ಕೇಳಿದೆ. ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡೆ. ತೊಂಬತ್ತೆರಡು ಗಟ್ಟಿ, ಎಂಟು ಜೊಳ್ಳು. "ಒಡೀವ" ಅಂದೆ. ಒತ್ತಿದೆ.

ಬಾಣ ಸೇನಾಪತಿಯ ಕಿವಿಯ ಪಕ್ಕ ಹಾದು ಕೋಟೆಯ ಗೋಡೆಗೆ ಹೋಗಿ ಬಿತ್ತು. ಅವನು ಒಂದು ಹೆಜ್ಜೆ ಮುಂದೆ ಬಂದ, ಕತ್ತಿ ಎತ್ತಿದ. ಬಿಲ್ಲು ಹಿಡಿದವಳು ಮಂಡಿಯೂರಿ ಕುಸಿದು, ಮಸುಕಾಗಿ, ಚೌಕ ಬರಿದಾಯಿತು.

ಮನು ಅಳತೊಡಗಿದ. ನಾನು ಪರದೆಯಿಂದ ಮುಖ ತಿರುಗಿಸಿದೆ. ಆಟದ ಗೊಂಬೆ ಬಿದ್ದಿದ್ದಕ್ಕೆ ಅಂತಲ್ಲ. ಅರಳಿಕಟ್ಟೆಯೇ ನನ್ನ ಕಣ್ಣ ಮುಂದೆ ಬಂದು ನಿಂತಿತ್ತು. ಎದ್ದು ಅಡಿಗೆಮನೆಗೆ ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತೆ. ಸಹನಾ ಹಿಂದೆಯೇ ಬಂದಳು. ನೀನು ಬಂದೆ ಅಂತ ಬರೆಯಬೇಕು, ಆದರೆ ಅವತ್ತು ಬಂದವಳು ನನ್ನ ಮೊಮ್ಮಗಳೋ ಇನ್ಯಾರೋ ಎಂದು ಈಗಲೂ ಅನ್ನಿಸುತ್ತದೆ.

"ಯಾಕಜ್ಜಿ ಎದ್ದೋದೆ?"

"ನನ್ ಕೈಲಿ ಮುಟ್ಟಿಸ್ಬ್ಯಾಡಿ ಅಂದ್ರೆ ಕೇಳಿದ್ರಾ? ನೋಡು, ನಿನ್ನೇ ಬೀಳಿಸ್ಬುಟ್ಟೆ."

"ನೀನೆಲ್ಲಿ ಬೀಳ್ಸಿದ್ದು? ತೊಂಬತ್ತೆರಡು ಇತ್ತು. ಹೊಡೀಬೇಕಾಗಿದ್ದೇ. ನೀನು ಸರಿಯಾಗೇ ಆಡ್ದೆ ಅಜ್ಜಿ."

"ಸರಿಯಾಗ್ ಆಡಿದ್ರೆ ಯಾಕ್ ತಪ್ತು?"

ನೀನು ಹಣೆ ಚಚ್ಚಿಕೊಂಡೆ, ದಡ್ಡ ಹುಡುಗಿಗೆ ಪಾಠ ಹೇಳುವ ಟೀಚರಮ್ಮನ ಹಾಗೆ. "ಅಯ್ಯೋ, ಅದು ಬೇರೆ, ಇದು ಬೇರೆ ಅಜ್ಜಿ. ಆಡಿದ್ದು ನೀನು. ತಪ್ಪಿದ್ದು ಎಂಟು. ಎಂಟು ಯಾರ ಕೈಯಲ್ಲೂ ಇಲ್ಲ. ಬಾ, ಇನ್ನೂ ಮೂರು ಜನ ಇದೀವಿ, ಆಟ ಮುಗಿದಿಲ್ಲ."

ನೀನು ಲೋಟದಲ್ಲಿ ನೀರು ಕುಡಿದು, ಏನೂ ಆಗದವಳ ಹಾಗೆ ಹೋಗಿಬಿಟ್ಟೆ. ಆರು ವರ್ಷ ನಾನು ಒಂದೇ ಗಂಟಿನಲ್ಲಿ ಕಟ್ಟಿ ಹೊತ್ತಿದ್ದನ್ನು ಎರಡಾಗಿ ಬಿಚ್ಚಿ, ಇದು ನಿನ್ನದು, ಇದು ನಿನ್ನದಲ್ಲ ಅಂತ ಪಕ್ಕಕ್ಕಿಟ್ಟು ಹೋದೆ. ನಿನಗೆ ಅದು ಗೊತ್ತೇ ಇರಲಿಲ್ಲ.

ನಾನು ಮತ್ತೆ ಬಂದು ಕೂತೆ. ಆಗ ನಡೆದದ್ದನ್ನು ನೆನೆದರೆ ನಗು ಬರುತ್ತದೆ. ಕರೆಂಟು ಹೋಯಿತು! ಪರದೆ ಕಪ್ಪಾಯಿತು. ಕಾಪಾಡಿಡುವುದನ್ನು ಆ ಬೆಳಗ್ಗೆ ಯಾರೂ ನೆನೆಸಿಕೊಂಡಿರಲಿಲ್ಲ. ಅಂದರೆ ಕೊನೆಯ ಕೋಟೆಯ ಜಗಳವೇ ನಡೆಯಲಿಲ್ಲ ಎಂದಾಯಿತು, ಬಿದ್ದವಳು ಬೀಳಲಿಲ್ಲ ಎಂದಾಯಿತು. ಮನು ಕಣ್ಣೀರು ಒರೆಸದೆಯೇ ಕುಣಿದ. "ನಾನು ಲೋಡ್ ಮಾಡ್ಲಿಲ್ಲ, ಕರೆಂಟ್ ಆಫೀಸ್ನೋರು ಮಾಡಿದ್ರು!" ಅಂದ. ಸಹನಾಗೆ ಮಾತ್ರ ಸಿಟ್ಟು, ತನ್ನನ್ನು ಗೌರವದಿಂದ ಸಾಯಲೂ ಬಿಡಲಿಲ್ಲವಲ್ಲ ಎಂದು.

ಮಧ್ಯಾಹ್ನ ಕರೆಂಟು ಬಂತು. ಮತ್ತೆ ಆಡಿದೆವು. ನೋಡಿ, ಆಟವೆಂದರೆ ಹೀಗೆ, ಸುತ್ತಿ ಸುತ್ತಿ ಮತ್ತೆ ಅಂಥದೇ ಜಾಗ ಬಂತು. ಅದೇ ಕಪ್ಪು ಕವಚ, ಅದೇ ಬಿಲ್ಲು, ಚೂರು ಪ್ರಾಣ. ಈ ಸಲ ತೊಂಬತ್ತು. ಮೊದಲಿಗಿಂತ ಎರಡು ಕಮ್ಮಿ.

ಹಿಂದಕ್ಕೆ ಹೋಗುವಂತಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೆನೋ. ಎಂಟಕ್ಕೆ ಹತ್ತು ನಿಮಿಷ ಇದ್ದ ಆ ಬೆಳಗಿಗೆ ಹೋಗಿ ಜಗಲಿಯ ಮೇಲೆ ನಿಂತರೆ ಎಂದು. ಹೋಗಿದ್ದರೆ ಏನಾಗುತ್ತಿತ್ತು? ಟೈರು ಸಿಡಿಯುವುದು ಆ ಹೊತ್ತಿಗೆ ನನಗೆ ಗೊತ್ತಿರುತ್ತಿರಲಿಲ್ಲ. ಟೆಂಪೋದವನು ಸ್ನಾನಕ್ಕೇ ಹೋಗಿರುತ್ತಿದ್ದ. ಬಸ್ಸು ಎಂದಿನಂತೆ ಎಂಟೂಕಾಲಿಗೆ ಬರಬೇಕಾಗಿತ್ತು. ಗೊತ್ತಿದ್ದಷ್ಟನ್ನೇ ಇಟ್ಟುಕೊಂಡು ನಿಂತರೆ ನಾನು ಮತ್ತೆ ಬಸ್ಸು ಅಂತಲೇ ಅನ್ನುತ್ತಿದ್ದೆ. ತಾತನೂ ಮತ್ತೆ ಹ್ಞೂ ಅನ್ನುತ್ತಿದ್ದರು.

"ಏನಜ್ಜಿ?" ಅಂದಿರಿ.

"ಒಡೀವ" ಅಂದೆ. ಯಾರೂ ಹೇಳದೆ ನಾನೇ ಕೈ ಚಾಚಿ ಒತ್ತಿದೆ.

ತಗಲಿತು. ಕೋಟೆ ನಮ್ಮದಾಯಿತು, ಬಣ್ಣದ ಬಾವುಟ ಹಾರಿತು, ಮನು ಮಂಚದಿಂದ ಮಂಚಕ್ಕೆ ಹಾರಿದ. ನಾನೂ ಚಪ್ಪಾಳೆ ತಟ್ಟಿದೆ. ಆದರೆ ನಿಜ ಹೇಳಲಾ? ಬಾಣ ತಪ್ಪಿದ್ದರೂ ಆ ಸಲ ನಾನು ಎದ್ದು ಹೋಗುತ್ತಿರಲಿಲ್ಲ.

ಅದೇ ಸಂಜೆ ನಿಮ್ಮಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ನಾನು ಬಾಗಿಲಿನ ಚೌಕಟ್ಟು ಹಿಡಿದು ನಿಂತೆ. ಸೆರಗಿನ ತುದಿ ತಿರುವುತ್ತಲೇ ಹೇಳಿಬಿಟ್ಟೆ.

"ಗೀತಾ, ನಿಮ್ಮಪ್ಪ ಹಟ ಮಾಡ್ಲಿಲ್ಲ ಕನವ್ವ. ಟೆಂಪೋ ಕೂಗುಸ್ಲಾ ಅಂತ ಕೇಳಿದ್ರು. ಬಸ್ಸು ಅಂದೋಳು ನಾನು."

ಅವಳ ಕೈ ನಿಂತಿತು. ತಿರುಗದೆಯೇ ಕೇಳಿದಳು.

"ಎಂಟೂಕಾಲ್ ಬಸ್ಸಾ?"

"ಹ್ಞೂ."

"ಅದೇ ಬಸ್ಸಲ್ಲಿ ಮೂರು ವರ್ಷ ಹೈಸ್ಕೂಲಿಗೆ ಹೋದೆನಲ್ಲವ್ವ ನಾನು. ಯಾವತ್ತು ತಪ್ಪಿತ್ತು ಅದು? ಒಂದಿನ ತಪ್ಪಿದ್ರೆ ರಜಾ ಸಿಗ್ತಿತ್ತು ಅಂತ ನಾನೇ ಕಾಯ್ತಿದ್ದೆ." ತಿರುಗಿದಳು. ಕಣ್ಣು ತುಂಬಿತ್ತು. "ನಾನಿದ್ದಿದ್ರೂ ಬಸ್ಸೇ ಅಂತಿದ್ದೆ ಕನವ್ವ. ಇದನ್ನ ಇಷ್ಟ್ ವರ್ಷ ಒಬ್ಳೇ ಇಟ್ಕಂಡು ಕೂತಿದ್ಯಾ? ನಾನು ಬೇರೆ ಅಪ್ಪನ್ನ ಬೈಕಂಡೇ ಬಂದೆ, ನೀನು ಕೇಳುಸ್ಕಂಡೇ ಇದ್ದೆ!"

"ಅದಕ್ಕೇ ನಿಂಗೆ ಏಳಾಕ್ ಆಗ್ಲಿಲ್ಲ" ಅಂದೆ.

ಅವಳು ಅತ್ತಳು, ನಾನೂ ಅತ್ತೆ. ನೆನಪಿದೆಯಾ, ಅವತ್ತು ಊಟಕ್ಕೆ ಕೂತಾಗ ಮನು, "ಅಮ್ಮ, ಮುದ್ದೆ ಪೂರಾ ಗಂಟು" ಅಂದಿದ್ದ. ನಿಮ್ಮಪ್ಪ ನಮ್ಮಿಬ್ಬರ ಮುಖ ನೋಡಿ, ಆ ಗಂಟುಗಳನ್ನೆಲ್ಲ ಸಾರಿನಲ್ಲಿ ಅದ್ದಿ ನುಂಗಿದರು. ಆ ಗಂಟು ಮುದ್ದೆಯ ಕಾರಣ ಇವತ್ತು ನಿಮಗೆ ತಿಳಿಯಿತು. ನನಗೆ ಸಿಕ್ಕ ಅಳಿಯ ಎಂಥವರು ಎಂಬುದೂ.

ಮುಂದಿನ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ನಿಮ್ಮಮ್ಮ ಬಸ್ಸಾರನ್ನು ಎರಡು ಸೌಟು ಹೆಚ್ಚು ಬಡಿಸಿ, "ತಗಳಪ್ಪ. ಸುಮ್ಸುಮ್ನೆ ಬೈದ್ಬುಟ್ಟೆ" ಅಂದಳು. ನೀವು ಯಾಕೆಂದು ಕೇಳಿದಿರಿ, ಅವಳು ಹೇಳಲಿಲ್ಲ. ಹೇಳಬೇಕಾದವಳು ನಾನು ಎಂದು ನನಗೆ ಬಿಟ್ಟಿರಬೇಕು. ಊಟವಾದ ಮೇಲೆ ಟ್ರಂಕಿನ ತಳದಿಂದ ಡಬ್ಬಿ ತೆಗೆದೆ. ಜಗಲಿಯ ಮೇಲೆ ಸು‌ಣ್ಣದ ಕಡ್ಡಿಯಲ್ಲಿ ಮನೆ ಬರೆದೆ. ಶಾರದಮ್ಮ ನೋಡಿಕೊಂಡೇ ಹೋದರು, ನಾನು ಮೊರ ಹುಡುಕಲಿಲ್ಲ. ನಾಲ್ಕು ಕವಡೆ ಕೈಯಲ್ಲಿ ಕುಲುಕಿ ಬಿಟ್ಟೆ. ಏನು ಬಿತ್ತು ಅನ್ನುವುದು ಮರೆತುಹೋಗಿದೆ. ಯಾವ ಕಾಯಿ ನಡೆಸಿದೆ ಅನ್ನುವುದು ಚೆನ್ನಾಗಿ ನೆನಪಿದೆ.

ಅದೃಷ್ಟವೋ ಉಪಾಯವೋ ಎಂದು ಕೇಳಿದರೆ ಏಳನೇ ಕ್ಲಾಸಿನ ನನಗೆ ಇಷ್ಟೇ ಹೇಳಲು ಬರುವುದು. ಆ ಎಂಟು ಜೊಳ್ಳು ಕೈಗೆ ಬಂದ ದಿನ ನಿಮ್ಮ ಪಕ್ಕದಲ್ಲಿ ಯಾರಾದರೂ ಬಂದು, ನೀನು ಸರಿಯಾಗೇ ಆಡಿದೆ ಅನ್ನಬೇಕು. ನನಗೆ ಅಂಥವಳು ಸಿಕ್ಕಳು, ಎರಡು ಜಡೆ ಹಾಕಿಕೊಂಡು, ಹಣೆ ಚಚ್ಚಿಕೊಂಡು. ಆಕೆಯ ತಮ್ಮನೂ ಸಿಕ್ಕ, ನನ್ನ ಕೈಗುಣ ಹೊಗಳಿ ಗುಂಡಿ ಒತ್ತಿಸಿದವನು. ಇವರಿಬ್ಬರನ್ನು ನಾನು ಆರಿಸಿಕೊಂಡದ್ದಲ್ಲ, ಕವಡೆ ಹಾಗೆ ಬಿದ್ದದ್ದು.

ಈ ಹಾಳೆಗಳನ್ನು ಕವಡೆ ಡಬ್ಬಿಯ ಜೊತೆಗೇ ಇಡುತ್ತಿದ್ದೇನೆ. ಜೋಪಾನ ಮಾಡಿ. ನಾಳೆ ನಿಮ್ಮ ಮಕ್ಕಳು ಹಟ ಹಿಡಿದಾಗ ಯಾರಾದರೂ ತಾತನ ತರ ಅಂದರೆ, ಇವನ್ನು ತೆಗೆದು ಓದಿ ತೋರಿಸಿ. ನಿಮ್ಮ ತಾತ ಹಟಮಾರಿಯಲ್ಲ, ಹೆಂಡತಿಯ ಮಾತು ಕೇಳಿ ಅರಳಿಕಟ್ಟೆಯ ಮೇಲೆ ಬಸ್ಸಿಗೆ ಕಾದವರು ಎಂದು ಹೇಳಿ. ಮಳೆಗಾಲದಲ್ಲಿ ಟ್ರಂಕನ್ನು ನೆಲಕ್ಕೆ ಇಡಬೇಡಿ, ಇಟ್ಟಿಗೆಯ ಮೇಲಿಡಿ. ತೇವ ಬಂದರೆ ಹಾಳೆ ಉಳಿಯುವುದಿಲ್ಲ.